ಮೊದಲು ಮಿಸ್ತ್ರಿ, ಆಮೇಲೆ ಸೈಕಲ್

ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಗೇರ್ ಸೈಕಲ್ 14 ತಿಂಗಳು ನಿಂತೇ ಇತ್ತು. ಧೂಳು ಕೂರಬಾರದು ಅಂತ ಹಳೇ ಚಾದರ ಹೊದಿಸಿದ್ದೆ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಹಾದು ಹೋಗಿ, ಕಲಬುರಗಿಯ ಆಳಂದ ರಸ್ತೆಯಲ್ಲಿ ಶೇರಿಂಗ್ ಆಟೋ ಹತ್ತುತ್ತಿದ್ದೆ. ಸೂಪರ್ ಮಾರ್ಕೆಟ್ ಹತ್ತಿರ ನನ್ನ ಕೆಲಸ. ಮನೆಯಿಂದ ಹತ್ತಿರ ಹತ್ತಿರ 4 ಕಿಲೋಮೀಟರ್. ಹೋಗಲಿಕ್ಕೆ 20 ರೂಪಾಯಿ, ಬರಲಿಕ್ಕೆ 20. ತಿಂಗಳಿಗೆ ಸಾವಿರ ರೂಪಾಯಿ ಆಟೋಗೇ ಹೋಗುತ್ತಿತ್ತು. ಅದನ್ನು ಉಳಿಸಲಿಕ್ಕೆ ಅಂತಲೇ 4,000 ಕೊಟ್ಟು ಆ ಸೈಕಲ್ ತಂದಿದ್ದೆ. ಸೈಕಲ್ ಪೂರ್ತಿ ಕೆಟ್ಟಿರಲಿಲ್ಲ. ಕೆಟ್ಟದ್ದು ಬೆರಳುದ್ದದ ಒಂದು ತುಂಡು. ಆ ತುಂಡು ಮಾತ್ರ ನನಗೆ ನಮ್ಮೂರಲ್ಲಿ ಸಿಗಲಿಲ್ಲ.

ಹಳೇ ಸೈಕಲ್ ಕೊಳ್ಳಬೇಕು ಅಂತ ಈಗ ಯಾರಾದರೂ ಕೇಳಿದರೆ ಈ ಕತೆಯಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ವರ್ಷ ಹಳೇದು, ಎಷ್ಟಕ್ಕೆ ಕೊಡುತ್ತಾರೆ ಅಂತ. ನಾನೂ ಹಾಗೇ ಕೇಳಿದ್ದೆ. ಆ ಬಣ್ಣ, ದಪ್ಪ ಟೈರು, ಮುಂದಿನ ಶಾಕಪ್ಸ್, ಡಿಸ್ಕ್ ಬ್ರೇಕ್ ನೋಡಿದಾಗ 4,000 ಕಡಿಮೆಯೇ ಅನಿಸಿತ್ತು. ಅಂಗಡಿಯವರು ಚೆನ್ನಾಗಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಸೀಟಿಗೆ ಪಾಲಿಶ್ ಹಚ್ಚಿ ನಿಲ್ಲಿಸಿದ್ದರು. ಅಂಗಡಿ ಮುಂದೆಯೇ ಒಂದು ಸುತ್ತು ಹೊಡೆದೆ. ಗೇರ್ ಟಕ್ ಅಂತ ಬಿತ್ತು. ಅಷ್ಟೇ ಸಾಕಾಯಿತು ನನಗೆ.

ಮೂರನೇ ವಾರ ಸೈಕಲ್ ಬಲಕ್ಕೆ ವಾಲಿ ಬಿತ್ತು. ನಿಲ್ಲಿಸಿದಲ್ಲೇ, ಸೈಡ್ ಸ್ಟ್ಯಾಂಡ್ ಜಾರಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ, ಅದು ಬಾಗಿತು. ಏನಾದರೂ ಬಡಿದರೆ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ತೊಂದರೆ ಏನಂದರೆ ಒಂದೊಂದು ಮಾಡೆಲ್ಲಿಗೂ ಅದರ ಆಕಾರ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಾಗಿದ್ದನ್ನು ಕೈಯಿಂದಲೇ ನೆಟ್ಟಗೆ ಮಾಡಿಸಿದೆ. ಎರಡನೇ ಸಲ ಬಾಗಿದಾಗ ಮುರಿದೇ ಹೋಯಿತು. ನಾಲ್ಕು ಅಂಗಡಿ ತಿರುಗಿದೆ. ಎಲ್ಲರದ್ದೂ ಒಂದೇ ಮಾತು: "ಹೈದರಾಬಾದಿಂದ ತರಸಬೇಕಾಗ್ತದ ನೋಡ್ರಿ." ತರಿಸುತ್ತೇವೆ ಅಂದ ಒಬ್ಬರು ತರಿಸಲೇ ಇಲ್ಲ. ಸೈಕಲ್ ಮೆಟ್ಟಿಲ ಕೆಳಗೆ ಹೋಯಿತು.

ಮರದ ಕೆಳಗಿನ ಪರೀಕ್ಷೆ

ಶಹಾಬಜಾರ್ ನಾಕಾ ಕಡೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗೆ ಒಬ್ಬರು ಸೈಕಲ್ ಮಿಸ್ತ್ರಿ ಕೂರುತ್ತಾರೆ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆಯುವುದು. ಒಂದು ಕಬ್ಬಿಣದ ಪೆಟ್ಟಿಗೆ, ನೀರಿನ ಬೋಗುಣಿ, ನಿಂತು ಹೊಡೆಯುವ ಪಂಪು, ಮರದ ಕೊಂಬೆಗೆ ನೇತು ಹಾಕಿದ ಹಳೇ ಟೈರುಗಳು. ಅದೇ ಅಂಗಡಿ. ಗೇರ್ ಸೈಕಲ್ಲನ್ನು ತಳ್ಳಿಕೊಂಡು ಅವರ ಹತ್ತಿರವೂ ಹೋಗಿದ್ದೆ. ಮುರಿದ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಸರ, ತೊಗೊಳ್ಳೋ ಮೊದ್ಲ ನನ್ನ ಹತ್ರ ಯಾಕ ಬರ್ಲಿಲ್ಲ ನೀವು?"

ಬೈಯುವ ಧಾಟಿ ಇರಲಿಲ್ಲ ಅದರಲ್ಲಿ. ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವಂತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಕಲ್ ಕೊಂಡ ಮೇಲೆ ಮಿಸ್ತ್ರಿ ಹತ್ತಿರ ಹೋಗುವುದು ಅಂತಲೇ ನಾವು ತಿಳಿದಿರುತ್ತೇವೆ, ಅಲ್ವಾ? ಆದರೆ ಯೋಚಿಸಿ ನೋಡಿ. ಹಳೇ ಸೈಕಲ್ ಅಂದ ಮೇಲೆ ಏನಾದರೂ ಕೆಡುವುದು ಖಂಡಿತ. ಕೆಟ್ಟಾಗ ಅದು ಯಾರ ಕೈಗೆ ಹೋಗುತ್ತದೋ, ಅವರ ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದೇ ಮುಖ್ಯ. ಚಾಚಾ ಪೆಟ್ಟಿಗೆಯಲ್ಲಿ ಕಾಟರ್ ಪಿನ್ (ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುವ ಮೊಳೆ), ವಾಲ್‌ಟ್ಯೂಬ್, ಬ್ರೇಕ್ ಶೂ, ಮೂರು ಅಳತೆಯ ಬಾಲ್ಸು (ಚಕ್ರದ ಒಳಗೆ ಕೂರುವ ಉಕ್ಕಿನ ಗುಂಡು), ಸ್ಪೋಕ್ ಕಡ್ಡಿ, ಚೈನ್ ಲಾಕು ಇದ್ದವು. ನನ್ನ ಸೈಕಲ್ಲಿಗೆ ಬೇಕಾದದ್ದು ಒಂದೂ ಇರಲಿಲ್ಲ. ಆ ಪೆಟ್ಟಿಗೆ ನೋಡುತ್ತಾ ಕೂತಾಗಲೇ ಮುಂದಿನ ಸೈಕಲ್ ಯಾವುದಿರಬೇಕು ಅನ್ನುವುದು ನನಗೆ ಅರ್ಧ ಗೊತ್ತಾಯಿತು.

ಆಮೇಲೆ ಎರಡು ತಿಂಗಳು ಭಾನುವಾರ ಭಾನುವಾರ ಅಲ್ಲಿ ಹೋಗಿ ಕೂತೆ. ಯಾರಾದರೂ ಹಳೇ ಸೈಕಲ್ ತಂದರೆ ಚಾಚಾ ಅದನ್ನು ಹೇಗೆ ನೋಡುತ್ತಾರೆ ಅಂತ ಗಮನಿಸಿದೆ. ಅವರು ಬಣ್ಣ ನೋಡುವುದೇ ಇಲ್ಲ. ಮೊದಲು ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಎರಡೂ ಚಕ್ರ ಒಂದೇ ಗೆರೆಯಲ್ಲಿ ಇವೆಯಾ ಅಂತ ನೋಡುತ್ತಾರೆ. ಆಮೇಲೆ ಪಕ್ಕಕ್ಕೆ ಬಂದು ಮುಂದಿನ ಫೋರ್ಕ್. ಅವರ ಬಾಯಲ್ಲಿ ಅದು ಚಿಮಟಾ. ಚಿಮಟಾ ಕೆಳಗೆ ಹೋಗುತ್ತಾ ಮುಂದಕ್ಕೆ ಬಳುಕಿರಬೇಕು. ನೆಟ್ಟಗಾಗಿದ್ದರೆ ಅಥವಾ ಹಿಂದಕ್ಕೆ ಬಂದಿದ್ದರೆ ಸೈಕಲ್ ಎಲ್ಲೋ ಜೋರಾಗಿ ಗುದ್ದಿದೆ ಅಂತ ಅರ್ಥ. ಹಾಗಿದ್ದರೆ ಹ್ಯಾಂಡಲ್ ಕೆಳಗಿನ ಜೋಡಣೆಯ ಹಿಂಭಾಗದಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ. ಅಲ್ಲಿ ಉಗುರಿನಿಂದ ಕೆರೆದು ನೋಡುತ್ತಾರೆ. ಸುಕ್ಕು ಇದ್ದರೆ ಮುಂದೆ ನೋಡುವುದೇ ಇಲ್ಲ. "ಇದು ಬ್ಯಾಡ" ಅಂದು ಬೀಡಿ ಹಚ್ಚುತ್ತಾರೆ. ಟೈರು, ಚೈನು, ಬ್ರೇಕು ಎಲ್ಲ ಬದಲಿಸಬಹುದು. ಫ್ರೇಮ್ ಹೋದರೆ ಸೈಕಲ್ಲೇ ಹೋದ ಹಾಗೆ.

ಚಕ್ರ ನೋಡುವ ಅವರ ರೀತಿ ನನಗೆ ಬಹಳ ಹಿಡಿಸಿತು. ಮುಂದಿನ ಚಕ್ರ ಮೇಲೆತ್ತಿ, ಒಂದು ಬೆರಳಿನಿಂದ ಸ್ವಲ್ಪವೇ ತಿರುಗಿಸಿ ಬಿಡುತ್ತಾರೆ. ಗಾಳಿ ಹಾಕುವ ವಾಲ್ ಇರುವ ಕಡೆ ಚಕ್ರಕ್ಕೆ ಕೊಂಚ ತೂಕ ಜಾಸ್ತಿ. ಒಳಗಿನ ಬಾಲ್ಸು ಚೆನ್ನಾಗಿದ್ದರೆ ಚಕ್ರ ನಿಧಾನವಾಗಿ ನಿಂತು, ವಾಪಸ್ ತಿರುಗಿ, ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗಿ, ವಾಲ್ ಕೆಳಗೆ ಬಂದ ಮೇಲೆ ನಿಲ್ಲುತ್ತದೆ. ಬಾಲ್ಸು ಸವೆದಿದ್ದರೆ ಎಲ್ಲಿ ಬೇಕೋ ಅಲ್ಲಿ ಗಕ್ಕನೆ ನಿಲ್ಲುತ್ತದೆ. ಇದಕ್ಕೆ ಸ್ಪಾನರ್ ಬೇಡ, ದುಡ್ಡು ಬೇಡ. ಯಾರ ಮನೆ ಅಂಗಳದಲ್ಲಿ ಬೇಕಾದರೂ ನೋಡಬಹುದು. ಚಕ್ರ ತಿರುಗುವಾಗ ಬ್ರೇಕ್ ಶೂ ಮತ್ತು ರಿಮ್ಮಿನ ನಡುವಿನ ಸಂದಿಯ ಮೇಲೆ ಕಣ್ಣಿಟ್ಟರೆ ಬೆಂಡ್ ಎಷ್ಟಿದೆ, ಅಂದರೆ ಚಕ್ರ ಅಕ್ಕಪಕ್ಕ ಎಷ್ಟು ವಾಲುತ್ತದೆ ಅನ್ನುವುದೂ ಕಾಣುತ್ತದೆ. ಸ್ವಲ್ಪ ಬೆಂಡ್ ಇದ್ದರೆ ತೆಗೆಸಬಹುದು. ರಿಮ್ ತುಕ್ಕು ಹಿಡಿದು ಪದರ ಏಳುತ್ತಿದ್ದರೆ ಅದು ಬೇರೆ ಖರ್ಚು.

ಚೈನನ್ನು ಮುಂದಿನ ಹಲ್ಲಿನ ಚಕ್ರದ ಮುಂಭಾಗದಲ್ಲಿ ಬೆರಳಿನಿಂದ ಹಿಡಿದು ಎಳೆಯಬೇಕು. ಕೆಳಗಿನ ಹಲ್ಲು ಅರ್ಧಕ್ಕಿಂತ ಜಾಸ್ತಿ ಕಂಡರೆ ಚೈನ್ ಸವೆದಿದೆ. ಹಲ್ಲುಗಳೇ ಕೊಕ್ಕೆ ಹಾಗೆ ಒಂದು ಕಡೆ ವಾಲಿದ್ದರೆ ಚೈನ್ ಒಂದೇ ಬದಲಿಸಿ ಪ್ರಯೋಜನ ಇಲ್ಲ. ಪೆಡಲ್ ತುಳಿದಾಗ ಸುತ್ತಿಗೊಂದು ಸಲ ಟಕ್ ಅಂದರೆ ಸಾಮಾನ್ಯವಾಗಿ ಕಾಟರ್ ಪಿನ್. ಅದು ಸಣ್ಣ ಕೆಲಸ, ಹೆದರಬೇಕಿಲ್ಲ.

ಜೋಳದ ಚೀಲದ ಲೆಕ್ಕ

ಗೇರ್ ಸೈಕಲ್ ಕೆಡದೆ ಇದ್ದಿದ್ದರೂ ನನ್ನ ಕೆಲಸಕ್ಕೆ ಆಗುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ರೊಟ್ಟಿ. ಹತ್ತು ಹನ್ನೆರಡು ದಿನಕ್ಕೊಮ್ಮೆ 10 ಕಿಲೋ ಜೋಳ ಗಿರಣಿಗೆ ಹೋಗಬೇಕು, ಹಿಟ್ಟಾಗಿ ವಾಪಸ್ ಬರಬೇಕು. ಆ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ, ಕೂರಿಸಲಿಕ್ಕೆ ಜಾಗವೂ ಇರಲಿಲ್ಲ. ಒಂದು ಸಲ ಚೀಲವನ್ನು ಹ್ಯಾಂಡಲ್ಲಿಗೆ ನೇತು ಹಾಕಿಕೊಂಡು ಹೊರಟೆ. ತಿರುವಿನಲ್ಲಿ ಚೀಲ ತೂಗಿ ಮುಂದಿನ ಚಕ್ರಕ್ಕೆ ತಾಗಿತು. ಹೊಲಿಗೆ ಬಿಚ್ಚಿ ಜೋಳ ರಸ್ತೆ ಮೇಲೆ ಸುರಿಯಿತು. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಆಯಿ ಎದ್ದು ಬಂದರು. ಏನೂ ಮಾತಾಡಲಿಲ್ಲ. ನನ್ನ ಜೊತೆ ಕೂತು, ಮಣ್ಣು ಹತ್ತದ ಜೋಳವನ್ನು ಎರಡೂ ಅಂಗೈಯಿಂದ ಬಳಿದು ಸೆರಗಿಗೆ ಹಾಕಿಕೊಂಡು, ತಮ್ಮದೇ ಒಂದು ಚೀಲಕ್ಕೆ ತುಂಬಿ ಕೊಟ್ಟರು. ಆ ಹೊತ್ತು ನನಗೆ ಬಹಳ ಸಂಕಟವಾಯಿತು. ನಾನು ಸೈಕಲ್ ಆರಿಸುವಾಗ ಈ ಚೀಲವನ್ನು ಒಂದು ಸಲವೂ ನೆನೆದಿರಲಿಲ್ಲ.

ಹಾಗಾಗಿ ಸೈಕಲ್ ನೋಡಲಿಕ್ಕೆ ಹೋಗುವ ಮೊದಲು ಒಂದು ವಾರದ ಕೆಲಸ ಎಲ್ಲ ಒಮ್ಮೆ ನೆನಪು ಮಾಡಿಕೊಳ್ಳಿ ಅಂತೀನಿ. ಎಷ್ಟು ದೂರ, ಏನು ಹೊರಬೇಕು, ಎಲ್ಲಿ ನಿಲ್ಲಿಸಬೇಕು. ನನಗೆ ಬೇಕಾದದ್ದು ಗಟ್ಟಿ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡು, ಮಡ್‌ಗಾರ್ಡು, ಚೈನ್ ಕವರು. ಭಾರ ಹೇರುವಾಗ ಸೈಡ್ ಸ್ಟ್ಯಾಂಡ್ ನಂಬಬಾರದು. ಚೈನ್ ಕವರ್ ಇಲ್ಲದಿದ್ದರೆ ಪ್ಯಾಂಟಿನ ಬುಡ ದಿನಾ ಎಣ್ಣೆ. ಗೇರ್ ಬೇಕಾ ಅನ್ನುವ ಪ್ರಶ್ನೆಗೆ ನಮ್ಮ ಊರೇ ಉತ್ತರ ಕೊಡುತ್ತದೆ. ಕಲಬುರಗಿಯಲ್ಲಿ ಘಾಟ್ ಇಲ್ಲ. ನನ್ನ ಈಗಿನ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ 5 ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಏರು ಬಂದಲ್ಲಿ ಸೀಟು ಬಿಟ್ಟು ಎದ್ದು ತುಳಿದರೆ ಆಯಿತು.

ಇಲ್ಲಿ ಹೆಣ್ಣುಮಕ್ಕಳ ಸೈಕಲ್ ಬಗ್ಗೆಯೂ ಹೇಳಬೇಕು. ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2006–07ರಿಂದ ನಮ್ಮ ಸರಕಾರಿ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಾ ಬಂದರಲ್ಲ, ಅವು ಎಷ್ಟೋ ಮನೆಗಳ ಹಿತ್ತಲಲ್ಲಿ ಇನ್ನೂ ನಿಂತಿವೆ. ಓದು ಮುಗಿದು, ಮದುವೆಯಾಗಿ ಹೋದ ಮಗಳ ಸೈಕಲ್ಲು. ನಮ್ಮ ಓಣಿಯಲ್ಲಿ ಟೇಲರಿಂಗ್ ಮಾಡುವ ಒಬ್ಬ ಅಕ್ಕ ಅಂಥದ್ದೇ ಒಂದನ್ನು 700 ರೂಪಾಯಿಗೆ ತಗೊಂಡರು. ಫ್ರೇಮ್ ತಗ್ಗು, ಸೀರೆಯಲ್ಲೇ ಹತ್ತಬಹುದು. ಮುಂದೆ ಬುಟ್ಟಿ, ಹಿಂದೆ ಸೆರಗು ಸಿಕ್ಕದ ಹಾಗೆ ಜಾಲರಿ. ಬಟ್ಟೆ ಗಂಟು ಹಿಂದೆ ಕಟ್ಟಿ, ದಾರ ಗುಂಡಿ ಬುಟ್ಟಿಗೆ ಹಾಕಿ ಪೇಟೆಗೆ ಹೋಗಿ ಬರುತ್ತಾರೆ. ಆದರೆ ಇನ್ನೂ ಶಾಲೆಗೆ ಹೋಗುತ್ತಿರುವ ಮಗುವಿನ ಸೈಕಲ್ ಯಾರಾದರೂ ಮಾರಲಿಕ್ಕೆ ಬಂದರೆ ದಯವಿಟ್ಟು ತಗೋಬೇಡಿ. ಆ ಮಗು ನಡೆದು ಹೋಗಬೇಕಾಗುತ್ತದೆ.

ಇನ್ನೊಂದು ಮಾತು, ಅದೇ ಅಕ್ಕನಿಂದ ಕಲಿತದ್ದು. ಅವರ ಗಂಡ ಪೇಟೆಯಿಂದ 26 ಇಂಚಿನ ಟೈರು ತಂದರು. ಸೈಕಲ್ಲೂ 26 ಇಂಚು. ಕೂರಲೇ ಇಲ್ಲ. ತಂದದ್ದು ದಪ್ಪ ಟೈರಿನ, ಅಂದರೆ 26 × 1.75 ಅನ್ನುವ ಅಳತೆ. ಬೇಕಾಗಿದ್ದದ್ದು 26 × 1 3/8. ಹೆಸರಿಗೆ ಎರಡೂ 26, ಆದರೆ ರಿಮ್ಮಿನ ಮೇಲೆ ಕೂರುವ ಜಾಗದಲ್ಲಿ ಒಂದು 559 ಮಿಲಿಮೀಟರ್, ಇನ್ನೊಂದು 590. ಹಳೇ ಟೈರಿನ ಪಕ್ಕದಲ್ಲಿ ಈ ನಂಬರು ಹೆಚ್ಚಾಗಿ ಉಬ್ಬಚ್ಚಿನಲ್ಲಿ ಇರುತ್ತದೆ. ಬರೆದುಕೊಂಡು ಹೋಗಿ, ಇಲ್ಲವೇ ಟೈರನ್ನೇ ಒಯ್ಯಿರಿ.

ಮಿಲ್ಲಿನ ಕಾಕಾ

ನನ್ನ ಸೈಕಲ್ ಸಿಕ್ಕದ್ದು ಅಂಗಡಿಯಲ್ಲಿ ಅಲ್ಲ. ಎಂ.ಎಸ್.ಕೆ. ಬಟ್ಟೆ ಮಿಲ್ ಕಡೆ ಒಬ್ಬ ಹಿರಿಯರು ತಮ್ಮ ಸೈಕಲ್ ಕೊಡಬೇಕು ಅಂತಿದ್ದಾರೆ ಅಂತ ಚಾಚಾನೇ ಹೇಳಿದರು. ಮಿಲ್ಲಿನಲ್ಲಿ ಕೆಲಸ ಮಾಡಿದವರು. ಮಿಲ್ ಮುಚ್ಚಿದ ಮೇಲೆ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಒಬ್ಬರ ಹತ್ತಿರ ಲೆಕ್ಕ ಬರೆದು, ಈಗ ಮೊಣಕಾಲು ನೋವಿನಿಂದ ಮನೆಯಲ್ಲಿದ್ದಾರೆ. ಹೋದಾಗ ಸೈಕಲ್ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಕರಿ ಅಟ್ಲಸ್. 28 ಇಂಚಿನ ಚಕ್ರ, ರಾಡ್ ಬ್ರೇಕು. ಎರಡೂ ಟೈರಿನಲ್ಲಿ ಗಾಳಿ ಇರಲಿಲ್ಲ, ಪಕ್ಕಗಳಲ್ಲಿ ಸಣ್ಣ ಸಣ್ಣ ಬಿರುಕು.

ಹ್ಯಾಂಡಲ್ ಕೆಳಗಿನ ಕೊಳವೆ ಮೇಲೆ ಕೈ ಇಟ್ಟೆ. ಒರಟಾಗಿತ್ತು. ಬಗ್ಗಿ ನೋಡಿದರೆ ವಿಭೂತಿ, ಕುಂಕುಮ. ವರ್ಷ ವರ್ಷ ದಸರೆ ಪೂಜೆಗೆ ಹಚ್ಚಿದ್ದು ಪದರ ಪದರವಾಗಿ ಗಟ್ಟಿಯಾಗಿ ಕೂತಿತ್ತು. ಕೆಳಗಿನದು ಕಪ್ಪಾಗಿ, ಮೇಲಿನದು ಇನ್ನೂ ಕೆಂಪಗೆ. ಎರಡೂ ಚಕ್ರದ ನಡುವಿನ ಹಬ್ಬಿಗೆ ಬಣ್ಣದ ದಾರದ ಕುಚ್ಚು ಕಟ್ಟಿದ್ದರು. ಅದನ್ನು ಸರಿಸಿದೆ. ಕೆಳಗೆ ಹಬ್ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ಚಕ್ರ ತಿರುಗಿದಾಗಲೆಲ್ಲ ಆ ಕುಚ್ಚು ಅದನ್ನು ಒರೆಸುತ್ತಾ ಬಂದಿದೆ. ಅಷ್ಟು ವರ್ಷದ ಸೈಕಲ್ಲಿಗೆ ಯಾರೂ ರಸೀದಿ ಇಟ್ಟಿರುವುದಿಲ್ಲ. ನನಗೆ ಆ ಕುಂಕುಮ, ಆ ಹಬ್ ಸಾಕಿತ್ತು. ಆದರೂ ಚಾಚಾ ಕಲಿಸಿದ ಹಾಗೆ ಎಲ್ಲ ನೋಡಿದೆ. ಮುಂದಿನ ಚಕ್ರ ಎತ್ತಿ ಬಿಟ್ಟೆ. ತೂಗಿ ತೂಗಿ ವಾಲ್ ಕೆಳಗೆ ಬಂದು ನಿಂತಿತು. ಕಾಕಾ ಸುಮ್ನೆ ನೋಡುತ್ತಾ ಕೂತಿದ್ದರು.

ಅವರು 2,000 ಅಂದರು. ಟೈರು ಟ್ಯೂಬು ಹೋಗಿವೆ, 1,500 ಕೊಡುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ತಮ್ಮಾ, ದಿನಾ ಹೊಡಿತೀಯೋ, ಒಯ್ದು ಇಟ್ಟುಬಿಡ್ತೀಯೋ?"

ಮೆಟ್ಟಿಲ ಕೆಳಗಿನ ಸೈಕಲ್ ಕಣ್ಣ ಮುಂದೆ ಬಂತು. ತಕ್ಷಣ ಮಾತು ಬರಲಿಲ್ಲ. ಆಮೇಲೆ ಅವರಿಗೆ ಆ ಕತೆ ಹೇಳಿದೆ. ಕ್ಯಾರಿಯರ್ ಇಲ್ಲದ್ದು, ತುಂಡು ಸಿಗದ್ದು, ಜೋಳ ಚೆಲ್ಲಿದ್ದು, ಎಲ್ಲ. ಪೂರ್ತಿ ಕೇಳಿ ಒಳಗೆ ಹೋದರು. ಕೈಪಂಪು, ಬೀಗದ ಎರಡೂ ಕೀಲಿ ತಂದು ಕೊಟ್ಟರು. "ಹದಿನೈದು ನೂರೇ ಕೊಡು" ಅಂದರು. ಕಾಗದದ ಮೇಲೆ ಫ್ರೇಮ್ ನಂಬರು, ತಾರೀಖು, ಹಣ ಬರೆದು ಸಹಿ ಮಾಡಿ ಕೊಡಿ ಕಾಕಾ ಅಂತ ಕೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ಲೆಕ್ಕ ಬರೆದ ಕೈ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು. ಯಾರಿಂದ ಕೊಂಡರೂ ಇಷ್ಟು ಬರೆಸಿಕೊಳ್ಳಬೇಕು. ಬರೆದು ಕೊಡಲಿಕ್ಕೆ ಹಿಂದೆ ಮುಂದೆ ನೋಡುವವರ ಸೈಕಲ್ ಎಷ್ಟೇ ಅಗ್ಗ ಇದ್ದರೂ ಬೇಡ. ಅದು ಇನ್ನೊಬ್ಬರ ಮನೆ ಮುಂದಿನಿಂದ ಹೋದ ಸೈಕಲ್ ಇರಬಹುದು.

ಚಾಚಾ ಹತ್ತಿರ ಒಯ್ದಾಗ ಆದ ಖರ್ಚು ಹೀಗೆ. ಎರಡು ಟೈರು, ಎರಡು ಟ್ಯೂಬು 860. ಬ್ರೇಕ್ ಶೂ 80. ಚೈನು 150. ಕಾಟರ್ ಪಿನ್ 40. ಬಾಲ್ಸು, ಗ್ರೀಸು ಸೇರಿ ಓವರಾಯಿಲಿಂಗ್ 350. ಒಟ್ಟು 1,480. ಸೈಕಲ್ ಬೆಲೆ ಸೇರಿದರೆ 2,980. ಮೂರು ತಿಂಗಳ ಆಟೋ ಖರ್ಚಿನಷ್ಟೇ. ಹಳೇ ಸೈಕಲ್ಲಿನ ಬೆಲೆ ಅಂದರೆ ಈ ಕೊನೆಯ ಮೊತ್ತ, ಮಾರುವವರಿಗೆ ಕೊಟ್ಟದ್ದು ಮಾತ್ರ ಅಲ್ಲ. ಮಿಸ್ತ್ರಿಯನ್ನು ಮೊದಲೇ ಜೊತೆಗೆ ಕರೆದುಕೊಂಡು ಹೋದರೆ ಅಲ್ಲೇ ನಿಂತು ಲೆಕ್ಕ ಹೇಳುತ್ತಾರೆ. ಅವರ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟ ಇಲ್ಲ.

ಅಟ್ಲಸ್ ಕಂಪನಿ ಶುರುವಾದದ್ದು 1951ರಲ್ಲಿ, ಸೋನಿಪತ್‌ನಲ್ಲಿ. ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿದ್ದ ಅವರ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಆ ದಿನ ವಿಶ್ವ ಸೈಕಲ್ ದಿನ. ಆ ಸುದ್ದಿ ಓದಿದ್ದು ನೆನಪಿತ್ತು, ಅದಕ್ಕೇ ಕೊಳ್ಳುವಾಗ ಒಂದು ಅಳುಕು. ಚಾಚಾ ಹತ್ತಿರ ಕೇಳಿದೆ, ಮುಂದೆ ಸಾಮಾನು ಸಿಗುತ್ತದಾ ಅಂತ. ಅವರು ಪೆಟ್ಟಿಗೆಯಿಂದ ಒಂದು ಬ್ರೇಕ್ ಶೂ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಅಟ್ಲಸ್‌ಗೂ ಬರ್ತದ, ಹೀರೋಗೂ ಬರ್ತದ, ಹರ್ಕ್ಯುಲಿಸ್‌ಗೂ ಬರ್ತದ. ಕಂಪನಿ ಇದ್ರೇನು ಬಿಟ್ರೇನು ಸರ." ಗೇರ್ ಸೈಕಲ್ ಮಾಡಿದ ಕಂಪನಿ ಇವತ್ತಿಗೂ ನಡೆಯುತ್ತಿದೆ. ಅದರ ತುಂಡು ಸಿಗಲಿಲ್ಲ. ಅಟ್ಲಸ್‌ನ ಆ ಕಾರ್ಖಾನೆ ನಿಂತುಹೋಯಿತು. ಇದರ ಸಾಮಾನು ಬೇವಿನ ಮರದ ಕೆಳಗೇ ಇದೆ.

ಬಿಸಿಲು, ಎರೆ, ಜಾಲಿ ಮುಳ್ಳು

ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 42–43 ಡಿಗ್ರಿ ಮುಟ್ಟುವುದು ಗೊತ್ತೇ ಇದೆ. ಬೆಳಿಗ್ಗೆ ಎಂಟಕ್ಕೆ ಹೊರಟು ಬಿಡುತ್ತೇನೆ, ಬಿಸಿಲು ಇಳಿದ ಮೇಲೆ ವಾಪಸ್. ತಲೆಗೆ ಒದ್ದೆ ಟವೆಲ್. ಸೈಕಲ್ಲಿಗೂ ನೆರಳು ಬೇಕು. ದಿನವಿಡೀ ಬಿಸಿಲಲ್ಲಿ ನಿಂತರೆ ಟೈರ್ ಬೇಗ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಎರೆ ಮಣ್ಣಿಗೆ ಇಳಿದರೆ ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರವೇ ನಿಲ್ಲುತ್ತದೆ. ಕ್ಯಾರಿಯರಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡಿರುತ್ತೇನೆ, ಕೆರೆದು ಹಾಕಲಿಕ್ಕೆ.

ಎಲ್ಲಕ್ಕಿಂತ ಕಾಟ ಜಾಲಿ ಮುಳ್ಳಿನದು. ರಿಂಗ್ ರೋಡ್ ಪಕ್ಕದ ಖಾಲಿ ಜಾಗಗಳಲ್ಲೆಲ್ಲ ಅದೇ. ಪಂಚರ್ ಹಾಕಿಸಿದ ಎರಡನೇ ದಿನವೇ ಮತ್ತೆ ಗಾಳಿ ಹೋದರೆ ಪ್ಯಾಚ್ ಸರಿ ಇಲ್ಲ ಅಂತ ಮಿಸ್ತ್ರಿ ಜೊತೆ ಜಗಳ ಆಡಬೇಡಿ. ಮುಳ್ಳಿನ ತುದಿ ಮುರಿದು ಟೈರಿನ ದಪ್ಪದಲ್ಲೇ ಉಳಿದಿರುತ್ತದೆ. ಹೊರಗಿಂದ ಕಾಣುವುದಿಲ್ಲ. ಟೈರಿನ ಒಳಮೈಯಲ್ಲಿ ಹತ್ತಿ ಅಥವಾ ಹಳೇ ಬಟ್ಟೆ ಸವರಿಕೊಂಡು ಹೋದರೆ ಮುಳ್ಳು ಇದ್ದಲ್ಲಿ ನೂಲು ಹಿಡಿಯುತ್ತದೆ. ಇದನ್ನು ನಾನೇ ಮಾಡುತ್ತೇನೆ ಈಗ. ಮೊದಲ ಸಲ ಮಾಡಿದಾಗ ಒಂದೇ ಟೈರಿನಲ್ಲಿ ಮೂರು ತುದಿ ಸಿಕ್ಕವು.

ಗೇರ್ ಸೈಕಲ್ಲನ್ನು ಹೈದರಾಬಾದಿನಲ್ಲಿ ಓದುವ ಅಕ್ಕನ ಮಗನಿಗೆ ರೈಲಿನಲ್ಲಿ ಕಳಿಸಿದೆ. ಅಲ್ಲಿ ಒಂದೇ ವಾರದಲ್ಲಿ ತುಂಡು ಸಿಕ್ಕಿತಂತೆ. ದಿನಾ ಕಾಲೇಜಿಗೆ ಅದರಲ್ಲೇ ಹೋಗುತ್ತಾನೆ. ಅದನ್ನು ಕೇಳಿದ ದಿನ ಮನಸ್ಸು ಹಗುರಾಯಿತು.

ಈಗ ನನಗಿರುವ ಚಿಂತೆ ಬೇರೆ. ಚಾಚಾಗೆ ಅರವತ್ತು ದಾಟಿದೆ. ಮಗ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ಮೊದಲು ಮಿಸ್ತ್ರಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಆದರೆ ಆಳಂದ ರಸ್ತೆಯಲ್ಲಿ ನಾನು ಓಡಾಡುವ ದಾರಿಗೆ ಉಳಿದಿರುವವರು ಇವರೊಬ್ಬರೇ. ಹೋದ ಭಾನುವಾರ ಹಿಂದಿನ ಚಕ್ರದ ಬೆಂಡ್ ತೆಗೆಸಲಿಕ್ಕೆ ಹೋಗಿದ್ದೆ. ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಕೂರಿಸಿದರು. ಸ್ಪೋಕ್ ಕೀಲಿ ನನ್ನ ಕೈಗೆ ಕೊಟ್ಟರು. "ನಿಮ್ಮ ಕೈಲೇ ಮಾಡ್ರಿ ಸರ. ಪಾವು ಸುತ್ತು, ಅದಕ್ಕಿಂತ ಜಾಸ್ತಿ ಬ್ಯಾಡ." ರಿಮ್ ಎಡಕ್ಕೆ ಬಂದರೆ ಬಲಗಡೆಯ ಕಡ್ಡಿ ಬಿಗಿ ಮಾಡಬೇಕು. ಪಾವು, ಅಂದರೆ ಕಾಲು ಸುತ್ತು ತಿರುಗಿಸಿ, ಚಕ್ರ ಬಿಟ್ಟು, ನೋಡಿ, ಮತ್ತೆ ಪಾವು ಸುತ್ತು. ಒಂದು ಗಂಟೆ ಹಿಡಿಯಿತು. ಅವರು ನಡುವೆ ಎರಡು ಪಂಚರ್ ಹಾಕಿದರು, ಒಮ್ಮೆಯೂ ಕೀಲಿ ವಾಪಸ್ ಕೇಳಲಿಲ್ಲ. ಕೊನೆಗೆ ಬಂದು ಚಕ್ರ ತಿರುಗಿಸಿ, ಸಂದಿಗೆ ಉಗುರು ಹಿಡಿದರು. ರಿಮ್ ಒಂದೇ ಒಂದು ಕಡೆ ಉಗುರಿಗೆ ತಾಗುತ್ತಿತ್ತು. ಒಂದು ಜೋಳದ ಕಾಳಿನಷ್ಟು.

"ಇವತ್ತಿಗೆ ಸಾಕು" ಅಂದರು. "ಅದೊಂದು ಮುಂದಿನ ಐತವಾರ ನೋಡಮು."